ಧನುಷ್ಕೋಡಿಯ ರೈಲ್ವೆ ಸ್ಟೇಷನ್ನು: ನಾಶವೋ ಪರಿತ್ಯಾಗವೋ?

1

ರಾಮೇಶ್ವರ ದ್ವೀಪದ ಆಗ್ನೇಯ ದಿಕ್ಕಿನಲ್ಲಿ, ಪಾಕ್ ಜಲಸಂಧಿಗೂ ಮನ್ನಾರ್ ಕೊಲ್ಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ದಿಣ್ಣೆಯ ಮೇಲೆ ಧನುಷ್ಕೋಡಿ ಎಂಬ ಗ್ರಾಮವುಂಟು. ಕ್ರಿ. ಶ. 1914ನೆಯ ಇಸವಿಯಿಂದ 1964ನೆಯ ಇಸವಿಯವರೆಗೆ, ಐವತ್ತು ವರ್ಷಗಳ ಕಾಲ, ಭರತಖಂಡದಿಂದ ಸಿಂಹಳಕ್ಕೆ ಹೋಗುವ ಮಾರ್ಗದಲ್ಲಿ ನೆಲದ ಮೇಲಣ ಕಟ್ಟಕಡೆಯ ರೈಲ್ವೆ ಸ್ಟೇಷನ್ನು ಈ ಗ್ರಾಮದಲ್ಲಿದ್ದಿತು. ಈಗ ಅಲ್ಲಿ ರೈಲುಬಂಡಿ ಬರುವುದಿಲ್ಲ. ಸ್ಟೇಷನ್ನಿನ ಗೋಡೆಗಳ ಭಾಗಗಳೂ, ನೀರಿನ ತೊಟ್ಟಿಯ ಅವಶೇಷವೂ, ಸ್ವಲ್ಪ ದೂರದಲ್ಲಿ ಹವಳದ ಕಲ್ಲುಗಳಿಂದ ಕಟ್ಟಿದ ಒಂದು ಕ್ರೈಸ್ತ ದೇವಾಲಯದ ಭಿತ್ತಿಗಳೂ ಮರಳಿನಲ್ಲಿ ನಿಂತಿವೆ.

ಈ ಸ್ಟೇಷನ್ನಿನ ಚರಿತ್ರೆಯನ್ನು ಕೇಳಿದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ ವಾಕ್ಯದ್ದು: “ಅದನ್ನು ಕಡಲು ನುಂಗಿತು.” ವಾಕ್ಯವು ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಕಟ್ಟಡವೊಂದು ಬೀಳುವುದು ಬೇರೆ, ಬಿದ್ದುದನ್ನು ಮತ್ತೆ ಎತ್ತದೆ ಬಿಡುವುದು ಬೇರೆ. ಮೊದಲನೆಯದು ನಾಶ, ಎರಡನೆಯದು ಪರಿತ್ಯಾಗ. ನಾಶಕ್ಕೆ ಗಾಳಿ, ನೀರು, ಬೆಂಕಿಗಳು ಕಾರಣವಾಗಬಹುದು. ಪರಿತ್ಯಾಗಕ್ಕೆ ಕರ್ತೃಗಳು ಮನುಷ್ಯರೇ. ಧನುಷ್ಕೋಡಿಯ ವಿಷಯದಲ್ಲಿ ಈ ಎರಡೂ ಒಂದಾದ ಮೇಲೊಂದರಂತೆ ನಡೆದುವು. ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಸೇರಿಸಿಬಿಟ್ಟರೆ ಚರಿತ್ರೆಯ ಮುಖ್ಯಾಂಶವೇ ತಪ್ಪಿಹೋಗುವುದೆಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದೆ.

2

ಮೊದಲು ಹೆಸರಿನ ವಿಚಾರ. ‘ಧನುಷ್ಕೋಟಿ’ ಎಂಬಲ್ಲಿ ‘ಕೋಟಿ’ ಎಂದರೆ ನೂರು ಲಕ್ಷವಲ್ಲ, ಬಿಲ್ಲಿನ ತುದಿ. ತಮಿಳಿನಲ್ಲಿ ಸ್ವರಮಧ್ಯದ ಟಕಾರವು ಡಕಾರವಾಗಿ ಉಚ್ಚರಿಸಲ್ಪಡುವುದರಿಂದ ‘ಕೋಡಿ’ ಆಯಿತು. ಆ ಭಾಷೆಯಲ್ಲಿ ‘ಕೋಡಿ’ ಎಂಬುದಕ್ಕೆ ಅಂಚು, ಕೊನೆ ಎಂಬ ಅರ್ಥವೂ ಇರುವುದು. ಉತ್ತರಕ್ಕಿರುವ ‘ಕೋಡಿಕ್ಕರೆ’ ಎಂಬ ಕಡಲಂಚಿನ ಊರಿನ ಹೆಸರು ಇದಕ್ಕೆ ನಿದರ್ಶನ. ನಮ್ಮಲ್ಲಿ ಕೆರೆಯ ಕೋಡಿಯೂ, ಕುಂದಾಪುರದ ಬಳಿ ನದೀಮುಖದ ಮರಳ ತುದಿಯಲ್ಲಿರುವ ಕೋಡಿ ಎಂಬ ಊರೂ ವಾಚಕರಿಗೆ ಪರಿಚಿತವೇ ಆಗಿವೆ. ಸಂಸ್ಕೃತದ ಕೋಟಿಯೂ ದೇಶೀಯವಾದ ಕೋಡಿಯೂ ಈ ಸ್ಥಳದಲ್ಲಿ ಒಂದಕ್ಕೊಂದು ಒದಗಿಬಂದು, ಹೆಸರು ಸ್ಥಳದ ಆಕಾರಕ್ಕೆ ಚೆನ್ನಾಗಿ ಒಪ್ಪಿದೆ.

ಸ್ಕಾಂದಪುರಾಣದ ಬ್ರಹ್ಮಖಂಡದಲ್ಲಿ ಸೇತುಮಾಹಾತ್ಮ್ಯವೆಂಬ ಭಾಗವುಂಟು. ಅಲ್ಲಿ ಹೇಳಿರುವ ಇಪ್ಪತ್ತನಾಲ್ಕು ತೀರ್ಥಗಳಲ್ಲಿ ಧನುಷ್ಕೋಟಿಯೂ ಒಂದು. ರಾವಣವಧೆಯಾದ ಮೇಲೆ ವಿಭೀಷಣನು ಶ್ರೀರಾಮನನ್ನು ಹೀಗೆಂದು ಬೇಡಿಕೊಂಡನಂತೆ: ಈ ಸೇತುವೆ ಉಳಿದರೆ ಬಲಿಷ್ಠರಾದ ಅರಸರು ಇದರ ಮೇಲೆ ಬಂದು ನನ್ನ ಪಟ್ಟಣವನ್ನು ಪೀಡಿಸುವರು, ಆದುದರಿಂದ ಇದನ್ನು ಭೇದಿಸಬೇಕು. ರಾಮನು ಬಿಲ್ಲಿನ ಕೊನೆಯಿಂದ ಸೇತುವನ್ನು ಭೇದಿಸಿದನು. ಆ ಸ್ಥಳವೇ ಧನುಷ್ಕೋಟಿ. ಸೌಪ್ತಿಕದಲ್ಲಿ ನಿದ್ರಿಸುತ್ತಿದ್ದವರನ್ನು ಕೊಂದ ಅಶ್ವತ್ಥಾಮನು ಆ ಪಾಪವನ್ನು ಇಲ್ಲಿಯ ಸ್ನಾನದಿಂದ ಕಳೆದುಕೊಂಡನೆಂಬ ಕಥೆಯೂ ಅಲ್ಲಿಯೇ ಇದೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಸೇತುಬಂಧವಿದೆ, ಸೇತುಭಂಗವಿಲ್ಲ. ಆದುದರಿಂದ ಭಂಗದ ಕಥೆಯು ಸ್ಥಳಮಾಹಾತ್ಮ್ಯದಿಂದ ಬೆಳೆದುದೆಂದು ಊಹಿಸಬಹುದು.

ಕಥೆಯನ್ನು ಇಲ್ಲಿ ಹೇಳಿದುದು ಪ್ರಕೃತಕ್ಕೆ ಬೇಕಾದ ಒಂದಂಶಕ್ಕಾಗಿ. ಪುರಾಣಕಾರನು ಸೇತುವೆಯನ್ನು ಕಡಲು ಒಡೆಯಿತೆಂದು ಹೇಳಲಿಲ್ಲ. ಬೇಡಿದವನಾರು, ಯಾವ ಭಯದಿಂದ ಬೇಡಿದನು, ಒಡೆದವನಾರು ಎಂಬ ಮೂರನ್ನೂ ಹೇಳಿದ್ದಾನೆ. ದಾರಿಯು ಮುರಿದುದಕ್ಕೆ ಒಂದು ನಿರ್ಣಯವನ್ನು ಕಾರಣವಾಗಿ ಕೊಟ್ಟಿದ್ದಾನೆ.

ಈ ಸೀಮೆಯ ಅಧಿಪತಿಗಳಾದ ರಾಮನಾಥಪುರದ ಅರಸರು ಸೇತುಪತಿಗಳೆಂಬ ಬಿರುದನ್ನು ಧರಿಸಿ ಯಾತ್ರಿಕರ ಸಂರಕ್ಷಣೆಯನ್ನು ತಮ್ಮ ಧರ್ಮವೆಂದು ನಡೆಸಿದರು. ಕನ್ನಡನಾಡಿಗೂ ಈ ತುದಿಗೂ ಸಂಬಂಧ ಹಳೆಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ರಾಮೇಶ್ವರದಲ್ಲಿ ಕೀರ್ತಿಸ್ತಂಭವನ್ನು ನಿಲ್ಲಿಸಿದನೆಂದು ಕ್ರಿ. ಶ. 959ರ ಕರ್ಹಾಡ ತಾಮ್ರಶಾಸನವು ತಿಳಿಸುವುದು. ಅರಸರಿಗೆ ಅದು ದಿಗ್ವಿಜಯದ ಮೇರೆಯಾಗಿದ್ದರೆ ಜನರಿಗೆ ಯಾತ್ರೆಯ ಮೇರೆಯಾಗಿತ್ತು. ಮಹೋದಧಿ, ರತ್ನಾಕರಗಳೆಂಬ ಎರಡು ಕಡಲುಗಳು ಕೂಡುವ ಸ್ಥಳವೆಂದು ಇಲ್ಲಿ ಮಿಂದು, ಸೇತುವಿನ ಮರಳನ್ನು ಕೊಂಡು ಹೋಗಿ ಪ್ರಯಾಗದಲ್ಲಿ ವಿಸರ್ಜಿಸಿ, ಗಂಗೋದಕವನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದ ಹೊರತು ಕಾಶೀಯಾತ್ರೆ ಪೂರ್ಣವಾಗಲಿಲ್ಲವೆಂಬುದು ನಮ್ಮ ಹಿರಿಯರ ನಂಬಿಕೆ.

3

ಇನ್ನು ರೈಲು ಇಲ್ಲಿಗೆ ಬಂದುದೇಕೆಂಬುದನ್ನು ನೋಡೋಣ. ತೀರ್ಥವೆಂಬ ಕಾರಣದಿಂದ ಅದು ಬರಲಿಲ್ಲ. ಹಿಂದೆ ಮದರಾಸಿನಿಂದ ಕೊಲಂಬೋವಿಗೆ ಹೋಗುವವರು ತೂತ್ತುಕುಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿ ಹಡಗನ್ನೇರಿ, ಮನ್ನಾರ್ ಕೊಲ್ಲಿಯನ್ನು ರಾತ್ರಿಯೆಲ್ಲ ದಾಟಬೇಕಾಗಿತ್ತು. ಕಡಲಿನ ಅಗಲ ಅತ್ಯಲ್ಪವಾಗಿರುವುದು ಧನುಷ್ಕೋಡಿಗೂ ಸಿಂಹಳದ ತಲೈಮನ್ನಾರಿಗೂ ನಡುವೆ. ಅಲ್ಲಿ ಸುಮಾರು 22 ಮೈಲಿಗಳ ಜಲಮಾರ್ಗ. ಸೇತುವಿನ ದಿಬ್ಬಗಳ ಮೇಲೆ ಹಳಿಗಳನ್ನೇ ಹಾಕಿ ಎರಡು ದೇಶಗಳನ್ನೂ ಕೂಡಿಸಬೇಕೆಂಬ ಆಲೋಚನೆಯೂ ನಡೆದು, ವೆಚ್ಚದ ಭಾರದಿಂದ ಬಿಟ್ಟುಹೋಯಿತು. ಅದಕ್ಕೆ ಬದಲಾಗಿ ಎರಡು ದಡಗಳವರೆಗೂ ರೈಲು, ನಡುವೆ ಹಡಗು ಎಂಬ ಏರ್ಪಾಡು ನಿಶ್ಚಯವಾಯಿತು.

ಈ ಏರ್ಪಾಡಿಗೆ ಮುಖ್ಯವಾಗಿ ಬೇಕಾದದ್ದು ಮಂಡಪಕ್ಕೂ ಪಾಂಬನಿಗೂ ನಡುವೆ ಕಡಲಿನ ಮೇಲೆ ಸೇತುವೆ. 1897ನೆಯ ಇಸವಿ ಜನವರಿಯಲ್ಲಿ ಸ್ವಾಮಿ ವಿವೇಕಾನಂದರು ಸಿಂಹಳದಿಂದ ಹಿಂದಿರುಗಿ ಪಾಂಬನಿನಲ್ಲಿ ಇಳಿದಾಗ ಆ ದ್ವೀಪಕ್ಕೆ ದೋಣಿಯೇ ಗತಿಯಾಗಿತ್ತು. ಸೌತ್ ಇಂಡಿಯನ್ ರೈಲ್ವೆ ಕಂಪೆನಿಯವರು ಕಟ್ಟಿಸಿದ ಸೇತುವೆಯು 1914ನೆಯ ಇಸವಿ ಫೆಬ್ರುವರಿ 24ನೆಯ ದಿನ ಸಂಚಾರಕ್ಕೆ ತೆರೆಯಲ್ಪಟ್ಟಿತು. ಅದು ಎರಡು ಕಿಲೋಮೀಟರಿಗೂ ಮಿಕ್ಕ ಉದ್ದವುಳ್ಳದ್ದು. 145 ಸಾಧಾರಣ ಅಂಕಣಗಳ ಜೊತೆಗೆ, ಹಡಗುಗಳಿಗೆ ದಾರಿ ಬಿಡುವುದಕ್ಕಾಗಿ ಎರಡು ರೆಕ್ಕೆಗಳಂತೆ ಮೇಲಕ್ಕೇಳುವ ಷೆರ್ಝರ್ ಪದ್ಧತಿಯ ಒಂದು ಅಂಕಣ ಅದರಲ್ಲಿದ್ದಿತು. ಈ ರೆಕ್ಕೆಗಳನ್ನು ಆಳುಗಳು ಕೈಯಿಂದ ತಿರುಗಿಸಿ ಎತ್ತುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಪಾಂಬನಿನಲ್ಲಿ ಹಳಿಯು ಎರಡಾಗಿ ಕವಲೊಡೆಯುತ್ತಿತ್ತು. ಒಂದು ಕವಲು ಸುಮಾರು ಆರು ಮೈಲಿ ನಡೆದು ರಾಮೇಶ್ವರದಲ್ಲಿ ನಿಲ್ಲುತ್ತಿತ್ತು. ಇನ್ನೊಂದು ಸುಮಾರು ಹದಿನೈದು ಮೈಲಿ ಮರಳಿನಲ್ಲಿ ನಡೆದು ಧನುಷ್ಕೋಡಿಯ ಹಡಗುಕಟ್ಟೆಯನ್ನು ಮುಟ್ಟುತ್ತಿತ್ತು. ಮದರಾಸಿನ ಎಗ್ಮೋರಿನಿಂದ ಹೊರಡುವ ಬೋಟ್ ಮೇಲ್ ಎಂಬ ಪ್ರಸಿದ್ಧ ಬಂಡಿಯ ಗುರಿ ಧನುಷ್ಕೋಡಿಯಾಗಿತ್ತು, ರಾಮೇಶ್ವರವಲ್ಲ. ಮಹಾಕ್ಷೇತ್ರಕ್ಕೆ ಕವಲುದಾರಿ, ಮರಳಿನ ತುದಿಗೆ ರಾಜಮಾರ್ಗ! ಕಂಪೆನಿಯವರ ಲೆಕ್ಕದಲ್ಲಿ ಯಾವುದು ಮುಖ್ಯವಾಗಿತ್ತೆಂಬುದನ್ನು ಹಳಿಗಳೇ ಹೇಳುತ್ತಿದ್ದುವು.

ಬಂಡಿಯಿಂದಿಳಿದವರು ಸುಂಕದವರ ತಪಾಸಣೆಯನ್ನು ಮುಗಿಸಿಕೊಂಡು ಸ್ಟೀಮರನ್ನು ಹತ್ತುತ್ತಿದ್ದರು. ಮೊದಲಿನ ಸ್ಟೀಮರುಗಳಿಗೆ ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂದು ವೈಸರಾಯರ ಹೆಸರುಗಳನ್ನಿಟ್ಟಿದ್ದರು; ಅನಂತರ ಇರ್ವಿನ್, ಗೋಷೆನ್ ಎಂಬುವು ಬಂದುವು. ಆಚೆಯ ದಡದಲ್ಲಿ ತಲೈಮನ್ನಾರಿನ ಕಟ್ಟೆಯ ಮೇಲೆಯೇ ಸಿಂಹಳದ ಸರ್ಕಾರಿ ರೈಲು ಕಾದಿರುತ್ತಿತ್ತು. ಈಚೆಯದು ಮೀಟರ್ ಗೇಜು, ಆಚೆಯದು ಅಗಲವಾದ ಗೇಜು. ಆದಕಾರಣ ಗೂಡ್ಸು ಡಬ್ಬಿಗಳನ್ನು ಹಾಗೆಯೇ ದಾಟಿಸುವಂತಿರಲಿಲ್ಲ; ಸಾಮಾನನ್ನೆಲ್ಲ ಇಳಿಸಿ, ಹೊತ್ತು, ಮತ್ತೆ ಏರಿಸಬೇಕಾಗಿತ್ತು. ಕೂಲಿಗಾರರು, ಹಡಗುಕಟ್ಟೆಯ ನೌಕರರು, ಸುಂಕದ ಕಚೇರಿ, ಅಂಚೆ-ತಂತಿ ಕಚೇರಿ, ಆಸ್ಪತ್ರೆ, ಶಾಲೆ, ದೇವಾಲಯಗಳು, ಅಂಗಡಿಗಳು ಎಲ್ಲವೂ ಸ್ಟೇಷನ್ನಿನ ಆಶ್ರಯದಲ್ಲಿ ಬೆಳೆದುವು. ಮೀನುಗಾರರ ಹಳ್ಳಿಯೊಂದು ಎರಡು ದೇಶಗಳ ಬಾಗಿಲಾಯಿತು.

4

ಬಾಗಿಲಿನಲ್ಲಿ ಹಾದುಹೋದವರು ಯಾರು? ಅಧಿಕಾರಿಗಳು, ವರ್ತಕರು, ಯಾತ್ರಿಕರು ಇದ್ದರು. ಆದರೆ ಸಂಖ್ಯೆಯಿಂದ ಇವರೆಲ್ಲರನ್ನೂ ಮೀರಿದವರು ಸಿಂಹಳದ ಟೀ ಮತ್ತು ರಬ್ಬರು ತೋಟಗಳಿಗೆ ದುಡಿಯಲು ಹೋಗುತ್ತಿದ್ದ ತಮಿಳು ಕೂಲಿಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜನ ದೋಣಿಗಳಲ್ಲಿ ಮನ್ನಾರಿಗೆ ಹೋಗಿ, ಅಲ್ಲಿಂದ ಕಾಡಿನ ನಡುವೆ ಮಾತಳೆಯವರೆಗೆ ಕಾಲ್ನಡೆಯಿಂದ ಸಾಗುತ್ತಿದ್ದರು. ಆ ದಾರಿಯಲ್ಲಿ ಕಾಲರಾ ಮತ್ತು ಹಸಿವಿನಿಂದ ಸತ್ತವರು ಅಸಂಖ್ಯಾತರು. ರೈಲು ಬಂದ ಮೇಲೆ ಆ ನಡಿಗೆ ತಪ್ಪಿತು. ಕೂಲಿಗಾರರನ್ನು ಮಂಡಪದ ಶಿಬಿರದಲ್ಲಿ ತಡೆದು, ವೈದ್ಯರಿಂದ ಪರೀಕ್ಷಿಸಿ, ಅನಂತರ ಧನುಷ್ಕೋಡಿಯಲ್ಲಿ ಹಡಗನ್ನೇರಿಸುವ ಕ್ರಮವುಂಟಾಯಿತು. ಸೇತುಪತಿಗಳು ಯಾತ್ರಿಕರಿಗಾಗಿ ಕಟ್ಟಿಸಿದ ಛತ್ರಗಳ ದಾರಿಯಲ್ಲೇ ಸರ್ಕಾರವು ಕೂಲಿಗಳಿಗಾಗಿ ಕಟ್ಟಿಸಿದ ಶಿಬಿರವೂ ನಿಂತಿತು.

ಹೀಗಿರುವಲ್ಲಿ 1939ನೆಯ ಇಸವಿ ಆಗಸ್ಟಿನಲ್ಲಿ ಭಾರತ ಸರ್ಕಾರವು ಕೂಲಿಗಾರರು ಸಿಂಹಳಕ್ಕೆ ಹೋಗುವುದನ್ನು ನಿಷೇಧಿಸಿತು. 1948ರಲ್ಲಿ ಸ್ವತಂತ್ರ ಸಿಂಹಳದ ಪೌರತ್ವ ಶಾಸನವು ತೋಟದ ತಮಿಳರಲ್ಲಿ ಬಹುಭಾಗವನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಈ ಪ್ರಶ್ನೆಯನ್ನು ತೀರ್ಮಾನಿಸುವುದಕ್ಕಾಗಿ 1964ನೆಯ ಇಸವಿ ಅಕ್ಟೋಬರ್ 30ನೆಯ ದಿನ ಪ್ರಧಾನಮಂತ್ರಿಗಳಾದ ಲಾಲ್ ಬಹಾದುರ್ ಶಾಸ್ತ್ರಿಗಳಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಒಪ್ಪಂದವಾಯಿತು. 9,75,000 ಜನರಲ್ಲಿ 5,25,000 ಜನರನ್ನು ಭಾರತವು ತೆಗೆದುಕೊಳ್ಳುವುದೆಂದೂ, 3,00,000 ಜನರಿಗೆ ಸಿಂಹಳವು ಪೌರತ್ವವನ್ನು ಕೊಡುವುದೆಂದೂ, ಉಳಿದ 1,50,000 ಜನರ ವಿಷಯವನ್ನು ಮುಂದೆ ನಿರ್ಣಯಿಸುವುದೆಂದೂ ನಿಶ್ಚಯವಾಯಿತು.

ಈ ತಾರೀಖನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಐದು ಲಕ್ಷಕ್ಕೂ ಮಿಕ್ಕ ಜನ ಇನ್ನು ಮುಂದೆ ಈ ಕಡಲನ್ನು ದಾಟಿ ಬರಬೇಕಾಗಿತ್ತು. ಅವರು ಬರತಕ್ಕ ಬಾಗಿಲು ಧನುಷ್ಕೋಡಿ. ಆದುದರಿಂದ ಸಂಚಾರ ಕಡಿಮೆಯಾದ್ದರಿಂದಲೇ ಸ್ಟೇಷನ್ನು ಬಿಟ್ಟುಹೋಯಿತೆಂಬ ವಾದ ನಿಲ್ಲುವುದಿಲ್ಲ.

5

ಒಪ್ಪಂದವಾದ 53ನೆಯ ದಿನ ಆಪತ್ತು ಬಂದಿತು. ಡಿಸೆಂಬರ್ 17ರ ಸುಮಾರಿಗೆ ಅಂಡಮಾನಿನ ದಕ್ಷಿಣದ ಕಡಲಿನಲ್ಲಿ ಹುಟ್ಟಿದ ವಾಯುಭಾರದ ಕುಸಿತವು ಚಂಡಮಾರುತವಾಗಿ ಬೆಳೆದು, ಪಶ್ಚಿಮಾಭಿಮುಖವಾಗಿ ನಡೆದು, 22ರ ರಾತ್ರಿ ಸಿಂಹಳದ ಉತ್ತರಭಾಗವನ್ನೂ ಧನುಷ್ಕೋಡಿಯನ್ನೂ ಬಡಿಯಿತು. ಕಡಲು ಆಳೆತ್ತರವನ್ನು ಎಷ್ಟೋ ಪಾಲು ಮೀರಿ ಎದ್ದು ಊರಿನ ಮೇಲೆ ಹರಿಯಿತು.

ಅದೇ ರಾತ್ರಿ 653ನೆಯ ನಂಬರಿನ ಪ್ಯಾಸೆಂಜರು ಬಂಡಿಯು 110 ಮಂದಿ ಪ್ರಯಾಣಿಕರನ್ನೂ ಐವರು ರೈಲ್ವೆ ನೌಕರರನ್ನೂ ಹೊತ್ತು ಪಾಂಬನಿನಿಂದ ಹೊರಟಿತ್ತು. ಧನುಷ್ಕೋಡಿಯ ಸ್ಟೇಷನ್ನು ಇನ್ನು ಕೆಲವೇ ನೂರು ಗಜಗಳಿರುವಾಗ ನೀರಿನ ಗೋಡೆ ಬಂದು ಬಂಡಿಯನ್ನು ಮುಚ್ಚಿತು. ಬಂಡಿಯಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ನೂರಹತ್ತು ಎಂಬುದು ಟಿಕೆಟುಗಳ ಲೆಕ್ಕ; ಟಿಕೆಟಿಲ್ಲದೆ ಹತ್ತಿದವರನ್ನು ಆ ಲೆಕ್ಕ ಒಳಗೊಳ್ಳದು. ಊರಿನಲ್ಲಿಯೂ ಕರಾವಳಿಯಲ್ಲಿಯೂ ಮಡಿದವರನ್ನು ಸೇರಿಸಿದರೆ ಪ್ರಾಣಹಾನಿಯು ಸಾವಿರವನ್ನು ಮೀರುವುದು. ತಂತಿಗಳೆಲ್ಲ ಕಡಿದುಹೋದುದರಿಂದ ಈ ಸುದ್ದಿ ಹೊರಗಿನವರಿಗೆ ಕೂಡಲೆ ತಿಳಿಯಲಿಲ್ಲ.

ಇಷ್ಟು ನಾಶ. ಇದಕ್ಕೆ ಕಡಲೇ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

6

ಆದರೆ ಅದೇ ರಾತ್ರಿ ಕಡಲು ಪಾಂಬನ್ ಸೇತುವೆಯನ್ನೂ ಮುರಿದಿತ್ತು. ಅದರ 145 ತೊಲೆಗಳಲ್ಲಿ 126 ಬಿದ್ದುಹೋದುವು. ಮೇಲಕ್ಕೇಳುವ ಷೆರ್ಝರ್ ಅಂಕಣ ಮಾತ್ರ ಉಳಿಯಿತು. ಅದನ್ನು ಸರಿಪಡಿಸುವ ಭಾರ ಆಗ ಯುವಕ ಇಂಜಿನಿಯರಾಗಿದ್ದ ಶ್ರೀ ಇ. ಶ್ರೀಧರನ್ನರ ಮೇಲೆ ಬಿದ್ದಿತು. ಇವರೇ ಮುಂದೆ ನಮ್ಮ ಕರಾವಳಿಯನ್ನು ಹಾಯ್ದುಹೋಗುವ ಕೊಂಕಣ ರೈಲ್ವೆಯನ್ನು ಕಟ್ಟಿಸಿದವರು. ಕಡಲಿನ ತಳಕ್ಕೆ ಬಿದ್ದಿದ್ದ ತೊಲೆಗಳನ್ನು ಮೀನುಗಾರರ ಸಹಾಯದಿಂದ ಹುಡುಕಿ, ಎತ್ತಿ, ಸರಿಮಾಡಿ, ಸ್ವಸ್ಥಾನದಲ್ಲಿ ಕೂರಿಸಿ, ಕೊಟ್ಟ ಗಡುವಿಗಿಂತ ಬಹಳ ಮುಂಚೆಯೇ, ಕೇವಲ 46 ದಿನಗಳಲ್ಲಿ, ಅವರು ಸೇತುವೆಯನ್ನು ಸಂಚಾರಯೋಗ್ಯವಾಗಿ ಮಾಡಿದರು.

ಪೂರ್ವಪಕ್ಷಕ್ಕೆ ನಮ್ಮ ಉತ್ತರವು ಇಲ್ಲಿದೆ. ಒಂದೇ ರಾತ್ರಿ, ಒಂದೇ ಕಡಲು, ಒಂದೇ ರೈಲುದಾರಿಯ ಎರಡು ಭಾಗಗಳು. ನೀರಿನ ಮೇಲಣ ಭಾಗವು 46 ದಿನಗಳಲ್ಲಿ ಎದ್ದಿತು. ನೆಲದ ಮೇಲಣ ಭಾಗವು ಆರು ದಶಕಗಳು ಕಳೆದರೂ ಏಳಲಿಲ್ಲ. ಕಾರಣವು ಸಮಾನವಾಗಿದ್ದು ಫಲವು ಭಿನ್ನವಾದರೆ, ಭೇದಕವಾದ ಬೇರೊಂದು ಕಾರಣವನ್ನು ಹುಡುಕಬೇಕೆಂಬುದು ತರ್ಕದ ನಿಯಮ. ಆ ಭೇದಕವು ಮನುಷ್ಯರ ನಿರ್ಣಯವೇ ಹೊರತು ಬೇರೆಯಲ್ಲ. ಮದರಾಸು ಸರ್ಕಾರವು ಧನುಷ್ಕೋಡಿಯನ್ನು ವಾಸಕ್ಕೆ ಯೋಗ್ಯವಲ್ಲದ ಸ್ಥಳವೆಂದು ಸಾರಿತು. ಹದಿನೈದು ಮೈಲಿಯ ಹಳಿಯನ್ನು ಮತ್ತೆ ಹಾಕಲಿಲ್ಲ. ಸಿಂಹಳದ ಹಡಗು ರಾಮೇಶ್ವರದಿಂದ ಹೊರಡುವುದಾಯಿತು. ಕವಲುದಾರಿಯು ರಾಜಮಾರ್ಗವಾಯಿತು, ರಾಜಮಾರ್ಗವು ಮರಳಾಯಿತು.

ಈ ನಿರ್ಣಯವು ಅವಿವೇಕದ್ದೆಂದು ನಾವು ಹೇಳುತ್ತಿಲ್ಲ. ಎರಡು ಕಡೆಯೂ ಕಡಲಿರುವ ಇಕ್ಕಟ್ಟಾದ ಮರಳಿನ ಮೇಲೆ, ಇನ್ನೊಂದು ಬಿರುಗಾಳಿ ಬಾರದೆಂಬ ಭರವಸೆಯಿಲ್ಲದೆ, ಮತ್ತೆ ಹಳಿಯನ್ನೂ ಮನೆಗಳನ್ನೂ ಕಟ್ಟುವುದು ಜನರ ಪ್ರಾಣವನ್ನು ಪಣವಾಗಿಟ್ಟಂತೆಯೇ ಸರಿ. ಯಾತ್ರಿಕರಿಗೆ ರಾಮೇಶ್ವರವೇ ಗುರಿಯಾಗಿದ್ದಿತು. ಹಡಗಿಗೆ ಕಟ್ಟೆಯನ್ನು ಅಲ್ಲಿಯೂ ಒದಗಿಸಬಹುದಾಗಿತ್ತು. ಒಪ್ಪಂದದ ಪ್ರಕಾರ ಮರಳಿದವರು ಆ ದಾರಿಯಿಂದಲೇ ಬಂದರು. 1984ರಲ್ಲಿ ಸಿಂಹಳದ ಅಂತಃಕಲಹದಿಂದ ಹಡಗು ನಿಲ್ಲುವವರೆಗೂ ಅದು ನಡೆಯಿತು. ಹೀಗೆ ನಿರ್ಣಯಕ್ಕೆ ಬಲವಾದ ಕಾರಣಗಳಿದ್ದುವು. ಕಾರಣಗಳಿದ್ದುವೆಂಬುದರಿಂದಲೇ ಅದು ನಿರ್ಣಯವೆಂದು ಸಿದ್ಧವಾಗುವುದು. ಕಡಲಿಗೆ ಕಾರಣಗಳನ್ನು ತೂಗಿನೋಡುವ ಶಕ್ತಿಯಿಲ್ಲ.

7

ಈ ಭೇದವನ್ನು ಇಷ್ಟು ಒತ್ತಿ ಹೇಳುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನವಿದೆ. “ಕಡಲು ನುಂಗಿತು” ಎಂದೊಡನೆ ಊರು ಬರಿದಾಯಿತೆಂಬ ಅರ್ಥ ತಾನಾಗಿಯೇ ಬರುವುದು. ಆದರೆ ಧನುಷ್ಕೋಡಿ ಬರಿದಾಗಲಿಲ್ಲ. ವಾಸಯೋಗ್ಯವಲ್ಲವೆಂದು ಸಾರಿದ ಸ್ಥಳಕ್ಕೆ ಮೀನುಗಾರರು ಹಿಂದಿರುಗಿ, ಗರಿಗಳ ಗುಡಿಸಲುಗಳಲ್ಲಿ ನೆಲಸಿದರು. ಸ್ಟೇಷನ್ನಿಗಿಂತ ಮೊದಲೂ ಅಲ್ಲಿ ಇದ್ದವರು ಮೀನುಗಾರರೇ. 2017ನೆಯ ಇಸವಿಯಲ್ಲಿ ಭೂಮಿಯ ತುದಿಯಾದ ಅರಿಚಲ್‌ಮುನೈವರೆಗೆ ಹೆದ್ದಾರಿಯಾಗುವ ತನಕ, ಅರ್ಧ ಶತಮಾನಕ್ಕೂ ಮಿಕ್ಕ ಕಾಲ, ಅವರಿಗೆ ರೈಲೂ ಇರಲಿಲ್ಲ, ಸರಿಯಾದ ರಸ್ತೆಯೂ ಇರಲಿಲ್ಲ. ಊರು ಇಲ್ಲವೆಂದಾದ ಮೇಲೆ ಊರಿಗೆ ರಸ್ತೆಯೇಕೆ? ಮಾತಿನಲ್ಲಿ ನುಂಗಲ್ಪಟ್ಟ ಜನರನ್ನು ಚರಿತ್ರಕಾರನಾದರೂ ಹೊರಗೆ ತೆಗೆಯಬೇಕು.

ಆಚೆಯ ದಡವನ್ನು ಹೋಲಿಸಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ತಲೈಮನ್ನಾರಿನ ರೈಲುದಾರಿಯು ಕಡಲಿನಿಂದಲ್ಲ, ಯುದ್ಧದಿಂದ ಹಾಳಾಯಿತು. ಯುದ್ಧವು ಮುಗಿದ ಮೇಲೆ ಭಾರತದ ನೆರವಿನಿಂದಲೇ ಅದನ್ನು ಹೊಸದಾಗಿ ಕಟ್ಟಿದರು. 2015ನೆಯ ಇಸವಿ ಮಾರ್ಚ್ 14ನೆಯ ದಿನ ಬಂಡಿಯು ಮತ್ತೆ ತಲೈಮನ್ನಾರಿಗೆ ಹೋಯಿತು. ಜೋಡಿ ಸ್ಟೇಷನ್ನುಗಳಲ್ಲಿ ಒಂದು ಎದ್ದಿತು, ಒಂದು ಏಳಲಿಲ್ಲ. ಈಚೆಯ ದಡದಲ್ಲಿಯೂ 2019ರ ಮಾರ್ಚ್ ತಿಂಗಳಿನಲ್ಲಿ ರಾಮೇಶ್ವರದಿಂದ ಧನುಷ್ಕೋಡಿಗೆ ಸುಮಾರು 17 ಕಿಲೋಮೀಟರು ರೈಲುದಾರಿಯನ್ನು ಹಾಕುವುದಕ್ಕೆ ಶಂಕುಸ್ಥಾಪನೆಯಾಯಿತು. ಸ್ಥಳದ ಸೂಕ್ಷ್ಮವಾದ ಪ್ರಕೃತಿಸ್ಥಿತಿಯನ್ನು ಕಾರಣವಾಗಿ ಹೇಳಿ ತಮಿಳುನಾಡು ಸರ್ಕಾರವು ಅದಕ್ಕೆ ಆಕ್ಷೇಪಿಸಿತು. ಕಟ್ಟಬೇಕೆಂಬುದೂ ಬೇಡವೆಂಬುದೂ ಇಂದಿಗೂ ಮನುಷ್ಯರ ನಡುವಣ ವಾದವಾಗಿಯೇ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇಂಥ ವಾಕ್ಯಗಳು ನಮ್ಮ ನಾಡಿನ ಚರಿತ್ರೆಯಲ್ಲಿಯೂ ಕಡಿಮೆಯಿಲ್ಲ. ತಲಕಾಡು ಮರಳಾದುದಕ್ಕೆ ಅಲಮೇಲಮ್ಮನ ಶಾಪವನ್ನು ಹೇಳಿ ಸುಮ್ಮನಾಗುವುದುಂಟು. ಕಾವೇರಿಗೆ ಕಟ್ಟಿದ ಒಡ್ಡು, ನದಿಯ ತಿರುವು, ಗಾಳಿಯ ದಿಕ್ಕುಗಳನ್ನು ವಿಚಾರಿಸಿದ ವಿದ್ವಾಂಸರು ಈಚಿನವರು. 1565ರಲ್ಲಿ ವಿಜಯನಗರವು ಹಾಳಾಯಿತೆನ್ನುವೆವು. ತಿರುಮಲರಾಯನು ರಾಜಧಾನಿಯನ್ನು ಪೆನುಗೊಂಡೆಗೆ ಕೊಂಡುಹೋದನೆಂಬ ಮಾತನ್ನು ಅದರ ಜೊತೆಗೆ ಹೇಳಿದಾಗಲೇ ಹಂಪೆಯು ಮರಳಿ ಊರಾಗದುದರ ಕಾರಣ ತಿಳಿಯುವುದು. ಶಾಪ, ದೈವ, ಕಡಲು ಎಂಬ ಪದಗಳನ್ನು ಬಳಸಬಾರದೆಂದಲ್ಲ. ಅವುಗಳಲ್ಲಿ ಜನರ ದುಃಖವಿದೆ. ಆದರೆ ಅವು ಪೌರುಷದ ಲೆಕ್ಕವನ್ನು ಮುಚ್ಚಬಾರದು. ಸೇತುಮಾಹಾತ್ಮ್ಯವನ್ನು ಬರೆದ ಪೌರಾಣಿಕನೇ ಒಡೆದವನ ಹೆಸರನ್ನೂ ಒಡೆಯಿಸಿದವನ ಹೆಸರನ್ನೂ ಬಿಡದೆ ಹೇಳಿರುವಾಗ, ಚರಿತ್ರಕಾರನು ಅಷ್ಟನ್ನಾದರೂ ಹೇಳುವುದು ನ್ಯಾಯ.

ಮದರಾಸಿನಿಂದ ರಾಮೇಶ್ವರಕ್ಕೆ ಹೋಗುವ ಬಂಡಿಯನ್ನು ಜನರು, ಮುಂದೆ ಹತ್ತಲು ಹಡಗಿಲ್ಲದಿದ್ದರೂ, ಬೋಟ್ ಮೇಲ್ ಎಂದೇ ಕರೆಯುತ್ತ ಬಂದಿದ್ದಾರೆ. ಹಳೆಯ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ಸಂಚಾರವು ನಿಂತು, 2025ನೆಯ ಇಸವಿ ಏಪ್ರಿಲ್ 6ನೆಯ ದಿನ ಹೊಸ ಸೇತುವೆಯು ತೆರೆಯಲ್ಪಟ್ಟಿತು. ಧನುಷ್ಕೋಡಿಯ ಸ್ಟೇಷನ್ನಿನಲ್ಲಿ ಬಂಡಿ ಹತ್ತಿದವರಲ್ಲಿ ಆಗ ಬಾಲಕರಾಗಿದ್ದವರು ಈಗ ಎಪ್ಪತ್ತನ್ನು ಸಮೀಪಿಸಿದ್ದಾರೆ, ಇಲ್ಲವೆ ದಾಟಿದ್ದಾರೆ. ಅವರಲ್ಲಿ ನಮ್ಮ ನಾಡಿನಿಂದ ತಂದೆತಾಯಿಗಳ ಜೊತೆ ಸೇತುಸ್ನಾನಕ್ಕೆ ಹೋದವರೂ ಇರಬಹುದು. ಅಂಥವರು ಕಂಡದ್ದನ್ನೂ ಕೇಳಿದ್ದನ್ನೂ, ಮನೆಯಲ್ಲಿ ಉಳಿದಿರುವ ಯಾತ್ರೆಯ ಲೆಕ್ಕಪತ್ರಗಳನ್ನೂ ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಅಧ್ಯಾಪಕರು ತಮ್ಮ ತಮ್ಮ ಊರುಗಳಲ್ಲಿ ಈಗಲೇ ಕೈಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.